ಮುಕ್ಕಣ್ಣನ ಕಣ್ಣೊರೆಸುವ ಕೆಲಸ

ಬೆಂಕಿಗೆ ನಮ್ಮ ಕಣ್ಣಿಗೆ ಕಾಣದ ಒಂದು ಬಣ್ಣ ಇದೆ. ಪೆಟ್ರೋಲು, ಡೀಸೆಲ್ಲು, ಥಿನ್ನರು, ಅಡುಗೆ ಗ್ಯಾಸು, ದೇವರ ಮುಂದೆ ಹಚ್ಚೋ ಕರ್ಪೂರ, ಹೀಗೆ ಇಂಗಾಲ ಇರುವ ಯಾವ ವಸ್ತು ಉರಿದರೂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಬಿಸಿಬಿಸಿಯಾಗಿ ಹುಟ್ಟುವ ಆ ಅನಿಲ 4.3ರಿಂದ 4.4 ಮೈಕ್ರಾನ್ ಆಸುಪಾಸಿನ ಅಲೆಯುದ್ದದಲ್ಲಿ ಜೋರಾಗಿ ಹೊಳೆಯುತ್ತದೆ. ಅದು ಇನ್‌ಫ್ರಾರೆಡ್, ನಮ್ಮ ಕಣ್ಣಿನ ಲೆಕ್ಕಕ್ಕೆ ಬರುವುದಿಲ್ಲ. ಆ ಹೊಳಪನ್ನು ನೋಡಬಲ್ಲ ಸಾಧನಗಳನ್ನು ಕಂಬಗಳ ಮೇಲೆ ಕೂರಿಸೋದು, ಆಮೇಲೆ ವರ್ಷಗಟ್ಟಲೆ ಹೋಗಿ ಹೋಗಿ ಅವುಗಳ ಕಣ್ಣು ಒರೆಸೋದು, ಇದು ನನ್ನ ಉದ್ಯೋಗ. ಇದಕ್ಕೂ ಯಾರಾದ್ರೂ ಸಂಬಳ ಕೊಡ್ತಾರೆ ಅಂದ್ರೆ ವಿಜಯನಗರದ ನಮ್ಮ ಮನೆ ಓನರ್ ಆಂಟಿ ಇವತ್ತಿಗೂ ಪೂರ್ತಿ ನಂಬಿಲ್ಲ.

"ಸೀಲಿಂಗಲ್ಲಿ ಇರತ್ತಲ್ಲಮ್ಮ, ಬಿಳಿ ತಟ್ಟೆ ಥರ, ಅದೇ ತಾನೆ?" ಅಂತ ಅವರು ಕೇಳಿದ್ದರು. ಅದಲ್ಲ. ಅದು ಹೊಗೆ ಹಿಡಿಯೋದು. ಆಫೀಸಿನಲ್ಲಿ ಹೊಗೆ ಮೇಲೆದ್ದು ಸೀಲಿಂಗಿಗೆ ಬಡಿಯತ್ತೆ, ತಟ್ಟೆಗೆ ಗೊತ್ತಾಗತ್ತೆ. ಆದರೆ ಪೆಟ್ರೋಲ್ ಟ್ಯಾಂಕುಗಳ ಅಂಗಳಕ್ಕೆ ಸೀಲಿಂಗ್ ಎಲ್ಲಿಂದ ತರೋಣ? ಅಲ್ಲಿ ಗಾಳಿ ಬೀಸಿದ ಕಡೆಗೆ ಹೊಗೆ ಹೋಗುತ್ತದೆ. ಹೊಗೆ ನಮ್ಮ ಹತ್ತಿರ ಬರಲಿ ಅಂತ ಕಾಯುವ ಬದಲು ದೂರದಿಂದಲೇ ಜ್ವಾಲೆಯನ್ನು ನೋಡಬೇಕು. ಅದಕ್ಕೇ ಫ್ಲೇಮ್ ಡಿಟೆಕ್ಟರ್.

ಎಲ್ಲಿರತ್ತೆ ಇದು ಅಂದ್ರೆ, ನೀವು ದಿನಾ ನೋಡುವ ವಸ್ತುಗಳ ಹಿಂದೆ ಇರುವ, ನೀವು ಯಾವತ್ತೂ ನೋಡದ ಜಾಗಗಳಲ್ಲಿ. ಕಾರ್ಡ್ ರೋಡಿನ ಬಂಕಿನಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸ್ತೀರಲ್ಲ, ಈ ಊರಿಗೆ ಬರುವ ಪೆಟ್ರೋಲಿನಲ್ಲಿ ದೊಡ್ಡ ಪಾಲು ಮಂಗಳೂರಿನಿಂದ ಹಾಸನದ ಮೇಲೆ ಹಾದು ಬರುವ ಸುಮಾರು 360 ಕಿಲೋಮೀಟರ್ ಉದ್ದದ ಪೈಪ್‌ಲೈನಿನಲ್ಲಿ ಹೊಸಕೋಟೆ ಹತ್ತಿರದ ದೇವನಗೊಂದಿಗೆ ಬಂದು ಸೇರುತ್ತದೆ. ಅಂಥ ಟರ್ಮಿನಲ್ಲುಗಳು, ಸಿಲಿಂಡರ್ ತುಂಬುವ ಶೆಡ್ಡುಗಳು, ಕಾರಿಗೆ ಬಣ್ಣ ಹೊಡೆಯುವ ಬೂತುಗಳು, ಥಿನ್ನರ್ ಮಿಕ್ಸ್ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು, ಇವೆಲ್ಲ ನನ್ನ ಓಡಾಟದ ಜಾಗ. ಆಫೀಸು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಬೆಳಿಗ್ಗೆ ಟೂಲ್ ಬ್ಯಾಗು, ಸೇಫ್ಟಿ ಬೆಲ್ಟು, ಟೆಸ್ಟ್ ಲ್ಯಾಂಪು ಹಾಕಿಕೊಂಡು ಹೊರಟರೆ ಒಂದು ದಿನ ಪೀಣ್ಯ, ಒಂದು ದಿನ ಕುಂಬಳಗೋಡು, ಇನ್ನೊಂದು ದಿನ ಬಿಡದಿ.

ಸಾಧನದ ಒಳಗಿನ ಜಾಣತನ ಮೊದಲು ಹೇಳಿಬಿಡ್ತೀನಿ, ಮುಂದಿನ ಕಥೆಗೆ ಬೇಕು. ಬಯಲಿನಲ್ಲಿ ಬೆಂಕಿ ಹುಡುಕುವವರಿಗೆ ದೊಡ್ಡ ತಲೆನೋವು ಸೂರ್ಯ. ಅವನಷ್ಟು ಇನ್‌ಫ್ರಾರೆಡ್ ಯಾರು ಸುರಿಯುತ್ತಾರೆ? ಆದರೆ ಸೂರ್ಯನಿಂದ ಹೊರಟ ಬೆಳಕಿನಲ್ಲಿ ಸರಿಯಾಗಿ ಆ 4.3 ಮೈಕ್ರಾನಿನ ಭಾಗವನ್ನು ಭೂಮಿಯ ವಾತಾವರಣದಲ್ಲಿರುವ ಕಾರ್ಬನ್ ಡೈಆಕ್ಸೈಡೇ ನುಂಗಿಬಿಡುತ್ತದೆ. ಹಾಗಾಗಿ ಆ ಒಂದು ಬಣ್ಣದಲ್ಲಿ ನೋಡಿದರೆ ಮಟಮಟ ಮಧ್ಯಾಹ್ನದ ಸೂರ್ಯ ಕೂಡ ಹೆಚ್ಚೂಕಡಿಮೆ ಕಪ್ಪು. ಪಕ್ಕದಲ್ಲಿ ಹಚ್ಚಿದ ಬೆಂಕಿ ಮಾತ್ರ ಫಳಫಳ ಅನ್ನುತ್ತದೆ. ಮೊದಲ ಸಲ ಇದನ್ನು ಓದಿದಾಗ, ಯಾರೋ ನಮಗೆ ಅಂತಲೇ ಒಂದು ಕಿಂಡಿ ಬಿಟ್ಟಿದ್ದಾರೆ ಅನಿಸಿತ್ತು.

ಎರಡನೆಯದು, ಜ್ವಾಲೆ ಸುಮ್ಮನೆ ನಿಲ್ಲುವುದಿಲ್ಲ. ಸೆಕೆಂಡಿಗೆ ಒಂದರಿಂದ ಹತ್ತು ಸಲದ ಲೆಕ್ಕದಲ್ಲಿ, ತಾಳ ತಪ್ಪಿದ ಹಾಗೆ ಅಲುಗಾಡುತ್ತಿರುತ್ತದೆ. ಕಾದ ಬಾಯ್ಲರಿನ ಗೋಡೆ, ಬಿಸಿ ಪೈಪು ಇವೆಲ್ಲ ಶಾಖ ಬಿಡುತ್ತವೆ ನಿಜ, ಆದರೆ ಅಲುಗಾಡುವುದಿಲ್ಲ. ಹಳೆಯ ಡಿಟೆಕ್ಟರುಗಳಿಗೆ ಒಂದೇ ಸೆನ್ಸರು: ಆ ಒಂದು ಬಣ್ಣ ಇದೆಯಾ, ಅಲುಗಾಡ್ತಿದೆಯಾ, ಹಾಗಿದ್ರೆ ಬೆಂಕಿ. ಹೊಸದರಲ್ಲಿ ಮೂರು ಸೆನ್ಸರು. ಒಂದು ಬೆಂಕಿಯ ಬಣ್ಣವನ್ನೇ ನೋಡುತ್ತದೆ, ಉಳಿದೆರಡು ಅದರ ಅಕ್ಕಪಕ್ಕದ ಬಣ್ಣಗಳನ್ನು ನೋಡುತ್ತವೆ. ಕಾದ ಕಬ್ಬಿಣ ಮೂರರಲ್ಲೂ ಹೊಳೆಯುತ್ತದೆ, ಬೆಂಕಿ ಮಧ್ಯದ್ದರಲ್ಲಿ ಮಾತ್ರ ಎದ್ದು ಕಾಣುತ್ತದೆ. ಮೂರನ್ನೂ ಹೋಲಿಸಿ ಲೆಕ್ಕ ಹಾಕಿ ಆಮೇಲೆ ಬಾಯಿ ಬಿಡುತ್ತದೆ. ಕಂಪನಿಗಳ ಕ್ಯಾಟಲಾಗಿನಲ್ಲಿ ಇದಕ್ಕೆ ಐಆರ್3 ಅಂತ ಹೆಸರು. ನಮ್ಮ ಫಿಟ್ಟರ್ ಹುಡುಗರು ಇಟ್ಟ ಹೆಸರು ಮುಕ್ಕಣ್ಣ. ಆ ಮುಕ್ಕಣ್ಣ ಕಣ್ಣು ಬಿಟ್ಟರೆ ಬೆಂಕಿ, ಈ ಮುಕ್ಕಣ್ಣ ಬೆಂಕಿ ಕಂಡರೆ ಕಣ್ಣು ಬಿಡ್ತಾನೆ.

ಗಮನಿಸಿ, ಈ ಜಾಣತನದಲ್ಲಿ ಮುಕ್ಕಾಲು ಪಾಲು ಬೆಂಕಿಯನ್ನು ಕಾಣುವುದಕ್ಕಲ್ಲ, ಬೆಂಕಿ ಅಲ್ಲದ್ದಕ್ಕೆ ಮೋಸ ಹೋಗದೆ ಇರುವುದಕ್ಕೆ. ಯಾಕೆ ಇಷ್ಟು ಒದ್ದಾಟ ಅನ್ನೋದು ನನಗೆ ಪುಸ್ತಕದಿಂದ ಅರ್ಥ ಆಗಲಿಲ್ಲ. ಒಂದು ಕೀಲಿಕೈಯಿಂದ ಅರ್ಥ ಆಯಿತು. ಅದಕ್ಕೆ ಬರ್ತೀನಿ.

ಅದಕ್ಕೂ ಮೊದಲು ಇದನ್ನು ಕೂರಿಸುವ ಕಷ್ಟಸುಖ. ಒಳ್ಳೆಯ ಮುಕ್ಕಣ್ಣನಿಗೆ ಒಂದಡಿ ಚದರದ ತಟ್ಟೆಯಲ್ಲಿ ಉರಿಯುವ ಪೆಟ್ರೋಲು ಸುಮಾರು 60 ಮೀಟರ್ ದೂರದಿಂದ ಕೆಲವೇ ಸೆಕೆಂಡುಗಳಲ್ಲಿ ಕಾಣುತ್ತದೆ. ಆದರೆ ದೂರ ಎರಡರಷ್ಟಾದರೆ ತಲುಪುವ ಬೆಳಕು ನಾಲ್ಕರಲ್ಲೊಂದು ಪಾಲು. ಅಂದರೆ ಅಷ್ಟೇ ಚೆನ್ನಾಗಿ ಕಾಣಬೇಕಾದರೆ ಬೆಂಕಿ ನಾಲ್ಕರಷ್ಟು ದೊಡ್ಡದಾಗಬೇಕು. "ಮೇಡಂ, ನಾಲ್ಕರ ಬದಲು ಎರಡು ಹಾಕಿ, ಸ್ವಲ್ಪ ದೂರ ದೂರ ಇಟ್ರಾಯ್ತು" ಅಂತ ಪರ್ಚೇಸ್‌ನವರು ಹೇಳಿದಾಗಲೆಲ್ಲ ನಾನು ಈ ಲೆಕ್ಕ ಒಪ್ಪಿಸ್ತೀನಿ. ಒಂದು ಡಿಟೆಕ್ಟರಿನ ಬೆಲೆಗೆ ಒಂದು ಬೈಕು ಬರತ್ತೆ, ಅವರ ಸಂಕಟವೂ ನನಗೆ ಗೊತ್ತು. ಆದರೆ ಉಳಿಸಿದ ಎರಡು ಬೈಕಿನ ದುಡ್ಡಿಗೆ ಅವರು ಕೊಳ್ಳುತ್ತಿರುವುದು ನಾಲ್ಕರಷ್ಟು ದೊಡ್ಡ ಬೆಂಕಿಯನ್ನು.

ಜಾಗ ಹುಡುಕುವಾಗ ಡ್ರಾಯಿಂಗ್ ನಂಬಬಾರದು. ಡ್ರಾಯಿಂಗಿನಲ್ಲಿ ಲಾರಿ ಇರುವುದಿಲ್ಲ, ನಿಜದಲ್ಲಿ ಲಾರಿ ಬಂದು ಎದುರಿಗೇ ನಿಲ್ಲುತ್ತದೆ. ಹಾಗಾಗಿ ಎದುರುಬದುರು ಮೂಲೆಗಳಿಂದ ಎರಡು ಕಣ್ಣಾದರೂ ಒಂದೇ ಜಾಗವನ್ನು ನೋಡಬೇಕು. ಮುಖ ಕೊಂಚ ಕೆಳಗೆ ಬಾಗಿರಬೇಕು, ಇಲ್ಲದಿದ್ದರೆ ಧೂಳು ಕೂರುತ್ತದೆ, ಮಳೆ ನೀರು ನಿಲ್ಲುತ್ತದೆ. ನೀರಿನ ತೆಳು ಪದರ ಸಾಕು, ಈ ಬೆಳಕನ್ನು ತಡೆಯುವುದಕ್ಕೆ. ಮಾಮೂಲಿ ಕಿಟಕಿ ಗಾಜು ಕೂಡ ಇದಕ್ಕೆ ಗೋಡೆ ಇದ್ದ ಹಾಗೆ. ಅದಕ್ಕೇ ಇದರ ಮುಂಭಾಗದಲ್ಲಿ ಸಾಮಾನ್ಯವಾಗಿ ಸಫೈರ್ ಇರುತ್ತದೆ. ಹೌದು, ಉಂಗುರದಲ್ಲಿ ಹಾಕೋ ನೀಲದ ಜಾತಿಯದೇ, ಬಣ್ಣ ಇಲ್ಲದ್ದು. ನಾನು ದಿನಾ ಮೆತ್ತನೆ ಬಟ್ಟೆಯಲ್ಲಿ ಒರೆಸೋದು ಒಂದು ಹರಳನ್ನು ಅಂತ ಗೊತ್ತಾದ ಮೇಲೆ ಓನರ್ ಆಂಟಿಗೆ ನನ್ನ ಕೆಲಸದ ಮೇಲೆ ಸ್ವಲ್ಪ ಗೌರವ ಬಂತು.

ಇನ್ನು ಅದರ ಹೊರಕವಚ. ಪೆಟ್ರೋಲಿನ ಆವಿ ಇರಬಹುದಾದ ಜಾಗಗಳನ್ನು ಝೋನ್ 0, 1, 2 ಅಂತ ಭಾಗ ಮಾಡಿರುತ್ತಾರೆ. ಯಾವಾಗಲೂ ಆವಿ ಇರೋದು, ಮಾಮೂಲಿ ಕೆಲಸದ ನಡುವೆ ಆಗಾಗ ಇರೋದು, ಅಪರೂಪಕ್ಕೆ ಬಂದು ಹೋಗೋದು ಅಂತ. ಇಲ್ಲಿ ಕೂರಿಸುವ ವಿದ್ಯುತ್ ಉಪಕರಣಕ್ಕೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ ಸಂಸ್ಥೆಯ ಅನುಮೋದನೆ ಬೇಕು. ನಮ್ಮ ಬಾಯಲ್ಲಿ ಇದು ಫ್ಲೇಮ್‌ಪ್ರೂಫ್. ಫ್ಲೇಮ್‌ಪ್ರೂಫ್ ಅಂದ್ರೆ ಒಳಗೆ ಆವಿ ಹೋಗಲ್ಲ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಆವಿ ಒಳಗೆ ಹೋಗಬಹುದು, ಒಳಗಿನ ಕಿಡಿಗೆ ಹತ್ತಿಕೊಂಡು ಸಿಡಿಯಲೂಬಹುದು. ಆದರೆ ಆ ಪೆಟ್ಟಿಗೆ ಒಡೆಯುವುದಿಲ್ಲ. ಮುಚ್ಚಳದ ಸಂದಿಯಲ್ಲಿ ನುಸುಳಿ ಹೊರಗೆ ಬರುವಷ್ಟರಲ್ಲಿ ಬಿಸಿ ಅನಿಲ ತಣ್ಣಗಾಗಿ, ಹೊರಗಿನ ಆವಿಗೆ ಹತ್ತಿಸುವ ಶಕ್ತಿ ಕಳೆದುಕೊಂಡಿರುತ್ತದೆ. ಇಷ್ಟೆಲ್ಲ ನಿಂತಿರೋದು ನಯವಾದ ಆ ಸಂದಿಯ ಮೇಲೆ. ಅದರ ಮೇಲೆ ಸ್ಕ್ರೂಡ್ರೈವರಿನ ಗೀರು ಬಿದ್ದರೆ, ಒಂದು ಬೋಲ್ಟು ಕಳೆದುಹೋದರೆ, ಕೇಬಲ್ಲಿಗೆ ಸರಿಯಾದ ಗ್ಲ್ಯಾಂಡ್ ಹಾಕದಿದ್ದರೆ, ಬೆಂಕಿ ಕಾಯಲಿ ಅಂತ ಕೂರಿಸಿದ ಸಾಧನವೇ ಬೆಂಕಿ ಹಚ್ಚಬಹುದು. ಕರೆಂಟ್ ಇರುವಾಗ ಮುಚ್ಚಳ ತೆಗೆಯಬಾರದು ಅನ್ನೋ ಮಾತು ಅದರ ಮೈಮೇಲೇ ಬರೆದಿರುತ್ತದೆ.

ಇಷ್ಟೆಲ್ಲ ಮಾಡಿದರೂ ಇದಕ್ಕೆ ಕಾಣದ್ದು ಬಹಳ ಇದೆ. ಹೈಡ್ರೋಜನ್ ಉರಿದರೆ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ. ಹಾಗಾಗಿ ಈ ಮುಕ್ಕಣ್ಣನಿಗೆ ಅದು ಕತ್ತಲೆ, ಅದಕ್ಕೆ ಬೇರೆ ಜಾತಿಯ ಕಣ್ಣು ಬೇಕು. ಹೊತ್ತಿಕೊಳ್ಳುವ ಮುಂಚಿನ ಆವಿಯೂ ಕಾಣುವುದಿಲ್ಲ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲು ಸೋರಿ, ಒಂದು ಗಂಟೆಗೂ ಹೆಚ್ಚು ಹೊತ್ತು ಮೋಡದ ಹಾಗೆ ಹಬ್ಬಿ, ಆಮೇಲೆ ಸಿಡಿಯಿತು. 11 ಜನ ಸತ್ತರು, ಬೆಂಕಿ ದಿನಗಟ್ಟಲೆ ಉರಿಯಿತು. ಆ ಒಂದು ಗಂಟೆಯಲ್ಲಿ ಜಗತ್ತಿನ ಅತಿ ದುಬಾರಿ ಫ್ಲೇಮ್ ಡಿಟೆಕ್ಟರ್ ಅಲ್ಲಿ ಇದ್ದಿದ್ದರೂ ಅದಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಉರಿ ಇಲ್ಲವಲ್ಲ! ಆವಿಗೆ ಗ್ಯಾಸ್ ಡಿಟೆಕ್ಟರ್ ಬೇಕು. ಯಾವ ಕಣ್ಣು ಯಾವುದನ್ನು ನೋಡುತ್ತದೆ, ಯಾವುದನ್ನು ನೋಡುವುದಿಲ್ಲ ಅಂತ ಗೊತ್ತಿಲ್ಲದೆ ನಿದ್ದೆ ಮಾಡಬಾರದು.

ಈಗ ಕೀಲಿಕೈಗೆ ಬರೋಣ.

ಕೆಂಗೇರಿಯಿಂದ ಆಚೆ, ಮೈಸೂರು ರಸ್ತೆಯಿಂದ ಒಳಗೆ ಹೋದರೆ ಒಂದು ಸಾಲ್ವೆಂಟ್ ಕಾರ್ಖಾನೆ. ಹೆಸರು ಬೇಡ. ಅದನ್ನು ನಾವು ಕೂರಿಸಿದ್ದಲ್ಲ, ಮೇಂಟೆನೆನ್ಸ್ ಕಾಂಟ್ರಾಕ್ಟ್ ಮಾತ್ರ ನಮಗೆ ಬಂದಿತ್ತು. ಟ್ಯಾಂಕರ್ ಖಾಲಿ ಮಾಡುವ ಶೆಡ್ಡಿನಲ್ಲಿ ಹಳೆ ಕಾಲದ ಒಂಟಿ ಸೆನ್ಸರಿನ ಡಿಟೆಕ್ಟರುಗಳು. ಮೊದಲ ದಿನ ಕಂಟ್ರೋಲ್ ರೂಮಿಗೆ ಹೋದೆ. ಪ್ಯಾನೆಲ್ಲಿನಲ್ಲಿ ಹಸಿರು ದೀಪಗಳ ಸಾಲು ಲಕ್ಷಣವಾಗಿತ್ತು. ಕೊನೆಯಲ್ಲಿ ಒಂದು ಹಳದಿ ದೀಪ. ಅದರ ಕೆಳಗೆ ಬೈಪಾಸ್ ಅಂತ ಬರೆದ ಕೀಲಿ ಸ್ವಿಚ್ಚು, ಅದರಲ್ಲಿ ಸಿಕ್ಕಿಸಿದ ಕೀಲಿಕೈ, ಕೀಲಿಕೈಗೆ ತಿರುಪತಿಯ ಕೀಚೈನು. ಶೆಡ್ಡಿನ ಡಿಟೆಕ್ಟರುಗಳು ಏನೇ ಕೂಗಿಕೊಂಡರೂ ಸೈರನ್ ಆಗಬಾರದು, ಫೋಮ್ ಸುರಿಯಬಾರದು ಅಂತ ಅದರ ಅರ್ಥ. ಲಾಗ್ ಪುಸ್ತಕ ತೆಗೆದು ನೋಡಿದೆ. ಬೈಪಾಸ್ ಹಾಕಿದ ದಿನಾಂಕ, ಸಮಯ, ಸಹಿ ಎಲ್ಲ ನೀಟಾಗಿ ಇತ್ತು. ತೆಗೆದ ದಿನಾಂಕದ ಕಾಲಂ ಖಾಲಿ. ಮೂರು ವಾರ ಆಗಿತ್ತು.

ಪ್ಯಾನೆಲ್ ಮುಂದೆ ಕೂತಿದ್ದವರಿಗೆ ಐವತ್ತು ದಾಟಿತ್ತು, ಮಾಗಡಿ ಕಡೆಯವರು. ನನ್ನ ಫೋನಿನಲ್ಲಿ ಅವರ ನಂಬರು ಇವತ್ತಿಗೂ "ಪ್ಯಾನೆಲ್ ಅಣ್ಣ" ಅಂತಲೇ ಇದೆ.

"ಅಣ್ಣಾ, ಇದ್ಯಾಕೆ ಬೈಪಾಸಲ್ಲಿ ಇದೆ?"

"ಇರ್ಲಿ ಬಿಡಿ ಮೇಡಂ. ತೆಗುದ್ರೆ ದಿನಾ ಸಾಯಂಕಾಲ ಕೂಗತ್ತೆ. ಮೊದ್‌ಮೊದ್ಲು ನಾನೂ ಓಡ್ತಿದ್ದೆ. ಊಟದ ತಟ್ಟೆ ಬಿಟ್ಟು ಓಡಿದೀನಿ. ಹೋದ್ರೆ ಏನೂ ಇಲ್ಲ. ಡ್ರೈವರ್‌ಗಳು ನಗ್ತಾರೆ. ಒಂದ್ಸಲ ಫೋಮ್ ಬೇರೆ ಸುರ್‌ದು ಇಡೀ ಶೆಡ್ ಸೋಪಿನ ನೊರೆ ಆಗಿ, ಮೇಲಿನವ್ರು ಬಂದು ನನ್ನನ್ನೇ ಬೈದ್ರು."

ಯಾರನ್ನು ಬೈಯೋದು ಹೇಳಿ. ಅವರ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕಥೆ ನಾವೆಲ್ಲ ಓದಿದ್ದೇವೆ. ಆ ಕಥೆಯಲ್ಲಿ ಎಲ್ಲರೂ ಹುಡುಗನಿಗೆ ಬುದ್ಧಿ ಹೇಳ್ತಾರೆ. ಊರಿನವರ ಕಡೆಯಿಂದ ಯಾರೂ ಯೋಚಿಸಲ್ಲ. ಎಷ್ಟು ಸಲ ಅಂತ ಓಡ್ತಾರೆ ಪಾಪ!

ಎರಡು ದಿನ ಶೆಡ್ಡಿನಲ್ಲೇ ಕೂತೆ. ಅಲಾರಂ ಬಂದ ಹೊತ್ತು, ಬಿಸಿಲು ಬಿದ್ದ ಕೋನ, ಟ್ಯಾಂಕರ್ ಬಂದ ಹೊತ್ತು ಎಲ್ಲ ಬರೆದುಕೊಂಡೆ. ಎಲ್ಲರ ಅನುಮಾನ ಇಳಿಬಿಸಿಲಿನ ಮೇಲಿತ್ತು. ಮೊದಲ ದಿನ ಮೋಡ ಕವಿದು ಬಿಸಿಲೇ ಇರಲಿಲ್ಲ, ಆದರೂ ನಾಲ್ಕು ಗಂಟೆಗೆ ಸರಿಯಾಗಿ ಪ್ಯಾನೆಲ್ಲಿನಲ್ಲಿ ಬೆಂಕಿ ಅಂತ ಬಂತು. ಎರಡನೇ ದಿನ ಟ್ಯಾಂಕರ್ ತಡವಾಗಿ ಬಂತು, ಅಲಾರಮ್ಮೂ ತಡವಾಯಿತು. ಡಿಟೆಕ್ಟರಿನ ಪಕ್ಕದಲ್ಲಿ ಏಣಿ ಹತ್ತಿ ನಿಂತು ಅದು ನೋಡುವ ಕಡೆಗೇ ನೋಡಿದಾಗ ವಿಷಯ ಕಣ್ಣಿಗೆ ಬಿತ್ತು. ಕೆಲಸದವರಿಗೆ ಸೆಕೆ, ವಾಸನೆ ಅಂತ ಯಾರೋ ಆಮೇಲೆ ಒಂದು ದೊಡ್ಡ ಫ್ಯಾನು ಹಾಕಿಸಿದ್ದರು. ಡಿಟೆಕ್ಟರಿಗೂ ಟ್ಯಾಂಕರ್ ನಿಲ್ಲುವ ಜಾಗಕ್ಕೂ ಸರಿಯಾಗಿ ಮಧ್ಯೆ. ದೂರದಿಂದ ಓಡಿಬಂದ ಗಾಡಿಯ ಸೈಲೆನ್ಸರ್ ಎಂಜಿನ್ ಆಫ್ ಮಾಡಿದ ಮೇಲೂ ಸುಡುಸುಡು ಅನ್ನುತ್ತಿರುತ್ತದೆ. ಆ ಶಾಖವನ್ನು ತಿರುಗುವ ರೆಕ್ಕೆಗಳು ಕತ್ತರಿಸಿ ಕತ್ತರಿಸಿ ಕಳಿಸುತ್ತಿದ್ದವು. ಒಂಟಿ ಕಣ್ಣಿಗೆ ಅದು ಅಲುಗಾಡುವ ಜ್ವಾಲೆ. ಫ್ಯಾನ್ ಆಫ್ ಮಾಡಿಸಿದೆ, ಅಲಾರಂ ಹೋಯಿತು. ಆನ್ ಮಾಡಿಸಿದೆ, ಬಂತು. ಮೂರು ಸಲ ಮಾಡಿ ತೋರಿಸಿದ ಮೇಲೆ ಪ್ಯಾನೆಲ್ ಅಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ಫ್ಯಾನನ್ನೇ ದುರುಗುಟ್ಟಿ ನೋಡಿದರು. "ಈ ನನ್ಮಗನಿಗಾಗಿ ನಾನು ಬೈಸ್ಕೊಂಡ್ನಾ?"

ಬೈಪಾಸ್ ಅನ್ನೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವೆಲ್ಡಿಂಗ್ ಮಾಡುವಾಗ, ಡಿಟೆಕ್ಟರ್ ಪರೀಕ್ಷೆ ಮಾಡುವಾಗ ಬೈಪಾಸ್ ಹಾಕಲೇಬೇಕು, ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ತೋರಿಸಿದ ಕೂಡಲೇ ತಲೆ ಮೇಲೆ ಫೋಮ್. ತೊಂದರೆ ಇರೋದು ಹಾಕುವುದರಲ್ಲಲ್ಲ, ಮರೆಯುವುದರಲ್ಲಿ. ದೊಡ್ಡ ದುರಂತಗಳ ವರದಿಗಳನ್ನು ಓದಿದರೆ ಸುರಕ್ಷತೆಯ ಉಪಕರಣ ಇರಲೇ ಇಲ್ಲ ಅನ್ನೋದಕ್ಕಿಂತ, ಇತ್ತು ಆದರೆ ಆ ಹೊತ್ತಿಗೆ ಕೆಲಸದಲ್ಲಿ ಇರಲಿಲ್ಲ ಅನ್ನೋದು ಮತ್ತೆ ಮತ್ತೆ ಸಿಗುತ್ತದೆ. ಭೋಪಾಲದಲ್ಲಿ 1984ರ ಡಿಸೆಂಬರಿನ ಆ ರಾತ್ರಿ, ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಟವರಿಗೆ ಹೋಗುವ ಪೈಪಿನ ತುಂಡನ್ನು ರಿಪೇರಿಗೆ ಅಂತ ಬಿಚ್ಚಿಟ್ಟಿದ್ದರು. ಟ್ಯಾಂಕನ್ನು ತಣ್ಣಗಿಡುವ ರೆಫ್ರಿಜರೇಷನ್ ಘಟಕ ತಿಂಗಳುಗಳಿಂದ ಬಂದ್ ಆಗಿತ್ತು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಹೊತ್ತಿ 167 ಜನ ಸತ್ತರು. ಅಲ್ಲಿ ಬೆಂಕಿಗೆ ನೀರು ಸುರಿಯುವ ಡೀಸೆಲ್ ಪಂಪುಗಳನ್ನು ತಾವಾಗಿಯೇ ಚಾಲೂ ಆಗದಂತೆ ಮ್ಯಾನ್ಯುಯಲ್‌ಗೆ ಹಾಕಿಟ್ಟಿದ್ದರು. ನೀರಿನೊಳಗೆ ಕೆಲಸ ಮಾಡುವ ಮುಳುಗುಗಾರರು ಪಂಪಿನ ಬಾಯಿಗೆ ಸಿಕ್ಕಿಬಿಡಬಾರದು ಅಂತ ಆ ಜಾಗ್ರತೆ. ಒಳ್ಳೆಯ ಕಾರಣವೇ. ನಮ್ಮ ಶೆಡ್ಡಿನ ಕೀಲಿಕೈಗೂ ಒಂದು ಕಾರಣ ಇದ್ದೇ ಇತ್ತು.

ಆ ಕಾರ್ಖಾನೆಯವರು ಖರ್ಚು ಮಾಡಿದರು, ಅದನ್ನು ಹೇಳಲೇಬೇಕು. ಫ್ಯಾನು ಬೇರೆ ಗೋಡೆಗೆ ಹೋಯಿತು. ಒಂಟಿ ಕಣ್ಣುಗಳು ಹೋಗಿ ನಾಲ್ಕು ಮೂಲೆಗೆ ನಾಲ್ಕು ಮುಕ್ಕಣ್ಣ ಬಂದವು. ಒಂದು ಡಿಟೆಕ್ಟರ್ ಕಂಡರೆ ಸೈರನ್ ಮಾತ್ರ, ಎರಡು ಒಟ್ಟಿಗೆ ಕಂಡರೆ ಫೋಮ್ ತಾನಾಗಿಯೇ. ಇದಕ್ಕೆ ನಾವು ವೋಟಿಂಗ್ ಅಂತೀವಿ. ಇದು ಉಪಕರಣದ ಕೆಲಸ, ಸುಲಭ. ನನಗೆ ಮುಖ್ಯ ಅನಿಸಿದ್ದು ಕೀಲಿಕೈಯ ಕೆಲಸ. ಕೀಲಿಕೈ ಸ್ವಿಚ್ಚಿನಲ್ಲಿ ಇರಬಾರದು, ಶಿಫ್ಟ್ ಇನ್‌ಚಾರ್ಜ್ ಹತ್ತಿರ ಇರಬೇಕು. ಬೈಪಾಸ್ ಹಾಕುವಾಗಲೇ ಯಾವಾಗ ತೆಗೆಯುತ್ತೀವಿ ಅಂತ ಬಿಳಿ ಬೋರ್ಡಿನಲ್ಲಿ ಬರೆಯಬೇಕು. ಶಿಫ್ಟ್ ಬದಲಾಗುವಾಗ ಬಂದವರಿಗೆ ಬಾಯಿ ಬಿಟ್ಟು ಹೇಳಬೇಕು. ಬೈಪಾಸ್ ಇರುವಷ್ಟೂ ಹೊತ್ತು ಅಲ್ಲಿ ಒಬ್ಬ ಮನುಷ್ಯ ಎಕ್ಸ್‌ಟಿಂಗ್ವಿಶರ್ ಹಿಡಿದು ನಿಂತಿರಬೇಕು. ಕಣ್ಣು ಮುಚ್ಚಿಸಿದರೆ ಆ ಜಾಗಕ್ಕೆ ಇನ್ನೊಂದು ಕಣ್ಣು. ಇಷ್ಟೇ ನಿಯಮ.

ಆಮೇಲೆ ತಿಂಗಳು ತಿಂಗಳು ನಾನು ಹೋಗ್ತೀನಿ. ಏಣಿ ಹತ್ತಿ ಹರಳು ಒರೆಸಿ, ಜೇಡರ ಬಲೆ ತೆಗೆದು, ಬೋಲ್ಟು ಮುಟ್ಟಿ ನೋಡಿ, ಬ್ರಾಕೆಟ್ ಅಲುಗಾಡ್ತಿದೆಯಾ ಅಂತ ತಳ್ಳಿ ನೋಡಿ, ಕೆಳಗಿಳಿದು ಟೆಸ್ಟ್ ಲ್ಯಾಂಪ್ ತೋರಿಸ್ತೀನಿ. ಆ ಲ್ಯಾಂಪು ಜ್ವಾಲೆಯ ಹಾಗೆಯೇ ಅಲುಗಾಡುವ ಇನ್‌ಫ್ರಾರೆಡ್ ಬಿಡುತ್ತದೆ. ಡಿಟೆಕ್ಟರಿನಿಂದ ಹೋಗುವ ಕರೆಂಟು ಸಾಮಾನ್ಯವಾಗಿ 4 ಮಿಲಿಆಂಪ್ ಇದ್ದರೆ ಎಲ್ಲ ಸರಿ, 20 ಆದರೆ ಬೆಂಕಿ, ಸೊನ್ನೆಗೆ ಇಳಿದರೆ ಡಿಟೆಕ್ಟರಿಗೇ ಏನೋ ಆಗಿದೆ. ತನ್ನ ಹರಳು ಕೊಳೆಯಾಗಿದೆಯಾ ಅಂತ ಅದು ಆಗಾಗ ತಾನೇ ಬೆಳಕು ಬಿಟ್ಟು ಪರೀಕ್ಷೆ ಮಾಡಿಕೊಳ್ಳುತ್ತದೆ. ಆಯುಧಪೂಜೆಯ ಮಾರನೇ ದಿನ ಒಂದು ಕಡೆ ನಾಲ್ಕೂ ಡಿಟೆಕ್ಟರಿನಲ್ಲಿ ಫಾಲ್ಟ್ ಬಂದಿತ್ತು. ಹೋಗಿ ನೋಡಿದರೆ ಯಾರೋ ಭಕ್ತರು ಏಣಿ ಹತ್ತಿ ಮುಕ್ಕಣ್ಣ ಅನ್ನೋ ಹೆಸರಿಗೆ ತಕ್ಕ ಹಾಗೆ ಹರಳಿನ ಮೇಲೇ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ಕೈಮುಗಿದು ಒರೆಸಿದೆ. ಈಗ ಅವರಿಗೆ ಹೇಳಿದ್ದೀನಿ, ಪೂಜೆ ಕಂಬಕ್ಕೆ ಮಾಡಿ, ಕಣ್ಣಿಗೆ ಬೇಡ.

ಆದರೆ ಎದುರಿಗೆ ಎರಡು ಮೀಟರ್ ದೂರದಲ್ಲಿ ಯಾರಾದರೂ ಟಾರ್ಪಾಲ್ ಕಟ್ಟಿದರೆ ಆ ಸ್ವಂತ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಹರಳು ಚೊಕ್ಕಟ, ಸರ್ಕ್ಯೂಟ್ ಸರಿ, ಹಸಿರು ದೀಪ. ಹಸಿರು ದೀಪ ಹೇಳೋದು "ನಾನು ಚೆನ್ನಾಗಿದ್ದೀನಿ" ಅಂತ. "ನೀವು ಅಂದುಕೊಂಡಿದ್ದನ್ನೇ ನಾನು ನೋಡ್ತಿದ್ದೀನಿ" ಅಂತ ಅಲ್ಲ. ಅದನ್ನು ತಿಳಿಯಬೇಕಾದರೆ ಒಬ್ಬ ಮನುಷ್ಯ ಏಣಿ ಹತ್ತಿ ಅದರ ಪಕ್ಕ ತಲೆಯಿಟ್ಟು ನೋಡಲೇಬೇಕು. ಅದನ್ನು ಮಾಡದೆ ಪುಸ್ತಕದಲ್ಲಿ ಸಹಿ ಹಾಕಿದರೆ ಇಡೀ ಕೆಲಸ ಬರೀ ಕಣ್ಣೊರೆಸುವ ತಂತ್ರ ಆಗಿಬಿಡುತ್ತದೆ.

ಸುಮಾರು ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪ್ಯಾನೆಲ್ ಅಣ್ಣನ ಫೋನು. ನಾನು ಪೀಣ್ಯದಲ್ಲಿದ್ದೆ. ಟ್ಯಾಂಕರಿನ ಹೋಸ್ ಸೇರುವ ಜಾಗದಲ್ಲಿ ಹನಿಹನಿ ಸೋರಿ ತಟ್ಟೆಯಲ್ಲಿ ನಿಂತ ಸಾಲ್ವೆಂಟ್ ಹೊತ್ತಿಕೊಂಡಿತ್ತಂತೆ. ಸ್ಪಿರಿಟ್ ಜಾತಿಯ ಉರಿ ಬಿಸಿಲಿನಲ್ಲಿ ಕಂಡೂ ಕಾಣದ ಹಾಗೆ ಇರುತ್ತದೆ. ಟ್ಯಾಂಕರಿನ ಆಚೆ ಬದಿ ನಿಂತಿದ್ದ ಡ್ರೈವರಿಗೆ ಗೊತ್ತೇ ಆಗಿರಲಿಲ್ಲ. ಚಕ್ರದ ಮರೆಯಲ್ಲಿದ್ದದ್ದರಿಂದ ನಾಲ್ಕರಲ್ಲಿ ಒಂದೇ ಡಿಟೆಕ್ಟರಿಗೆ ಕಂಡಿತ್ತು. ಒಂದೇ ಆದದ್ದರಿಂದ ಫೋಮ್ ಬರಲಿಲ್ಲ, ಸೈರನ್ ಮಾತ್ರ ಕೂಗಿತು. ಬೆಂಕಿ ಬೆಳೆದಿದ್ದರೆ ಎರಡನೆಯ ಕಣ್ಣಿಗೂ ಕಾಣುತ್ತಿತ್ತು, ಆದರೆ ಅಷ್ಟು ಹೊತ್ತಿಗೆ ತಟ್ಟೆ ದಾಟಿ ಹೋಸಿಗೆ ಹೋಗಿರುತ್ತಿತ್ತು. ಆ ಕೆಲವು ಸೆಕೆಂಡುಗಳು ಪೂರ್ತಿ ಒಬ್ಬ ಮನುಷ್ಯನ ಕೈಯಲ್ಲಿದ್ದವು. ಅವರು ಎಮರ್ಜೆನ್ಸಿ ಬಟನ್ ಒತ್ತಿ ಪಂಪ್ ನಿಲ್ಲಿಸಿದರು, ಡ್ರೈ ಪೌಡರ್ ಎಕ್ಸ್‌ಟಿಂಗ್ವಿಶರ್ ಎತ್ತಿಕೊಂಡು ಓಡಿದರು. ಒಂದು ತಟ್ಟೆ ಕಪ್ಪಾಯಿತು, ಮಡ್‌ಗಾರ್ಡಿನ ರಬ್ಬರ್ ಸ್ವಲ್ಪ ಕರಗಿತು. ಅಷ್ಟೇ.

"ಏನ್ ಅನ್ಕೊಂಡ್ರಿ ಅಣ್ಣಾ, ಸೈರನ್ ಬಂದಾಗ?"

"ಏನೂ ಅನ್ಕೊಳ್ಲಿಲ್ಲ ಮೇಡಂ. ಎದ್ದೆ, ಓಡ್ದೆ."

ನನ್ನ ಇಡೀ ಕೆಲಸ ಈ ಉತ್ತರದಲ್ಲಿದೆ ಅಂತ ನನಗನಿಸುತ್ತದೆ. ಎಂಟು ತಿಂಗಳಲ್ಲಿ ಅದು ಒಂದು ಸಲವೂ ಸುಳ್ಳು ಕೂಗಿರಲಿಲ್ಲ. ಸುಳ್ಳಿರಬಹುದಾ ಅಂತ ಅವರು ಒಂದು ನಿಮಿಷ ಯೋಚಿಸಿದ್ದರೆ ನಾನು ಈ ಬರಹವನ್ನು ಬೇರೆ ಥರ ಬರೆಯಬೇಕಾಗಿತ್ತು. ನಾನು ಒರೆಸುತ್ತಿದ್ದದ್ದು ಬರೀ ಹರಳಲ್ಲ. ಆ ಮನುಷ್ಯನಿಗೆ ಆ ಸದ್ದಿನ ಮೇಲಿದ್ದ ನಂಬಿಕೆಗೂ ಧೂಳು ಕೂರದ ಹಾಗೆ ನೋಡಿಕೊಳ್ಳುತ್ತಿದ್ದೆ. ಧೂಳು ಒರೆಸಿದರೆ ಹೋಗುತ್ತದೆ, ನಂಬಿಕೆ ಒಂದು ಸಲ ಹೋದರೆ ಮೂರು ವಾರಕ್ಕೆ ಕೀಲಿಕೈ ತಿರುಗಿರುತ್ತದೆ.

ಇದು ಕಾರ್ಖಾನೆಗಳ ಮಾತು ಮಾತ್ರ ಅಲ್ಲ. ಕೆಂಗೇರಿಯಿಂದ ಮೆಟ್ರೋದಲ್ಲಿ ವಾಪಸ್ ಬರುವಾಗ ಮೈಸೂರು ರಸ್ತೆ, ದೀಪಾಂಜಲಿನಗರ ದಾಟುವ ಹೊತ್ತಿಗೆ ಕೆಳಗೆ ಮನೆ, ಗೋಡೌನು, ಗ್ಯಾರೇಜು, ಮತ್ತೆ ಮನೆ, ಒಂದೇ ಗೋಡೆ ಹಂಚಿಕೊಂಡ ಸಾಲುಗಳು. ಅಲ್ಲೇ ಬಾಪೂಜಿನಗರದ ಪಕ್ಕ ಹೊಸಗುಡ್ಡದಹಳ್ಳಿಯಲ್ಲಿ 2020ರ ನವೆಂಬರ್ 10ರಂದು ಒಂದು ಕೆಮಿಕಲ್ ಗೋಡೌನ್ ಹೊತ್ತಿ ಉರಿಯಿತು. ಡ್ರಮ್ಮುಗಳು ಸಿಡಿದವು, ಸುತ್ತಲಿನ ಮನೆಯವರು ಇದ್ದದ್ದು ಬಿಟ್ಟು ಹೊರಗೆ ಓಡಬೇಕಾಯಿತು, ಕಪ್ಪು ಹೊಗೆ ದೂರದ ಬಡಾವಣೆಗಳಿಗೂ ಕಂಡಿತು. ಅಂಥ ಓಣಿಗಳಲ್ಲಿ ಕಂಬದ ಮೇಲೆ ಮುಕ್ಕಣ್ಣ ಇರುವುದಿಲ್ಲ. ಪಕ್ಕದ ಮನೆಯವರ ಮೂಗೇ ಅಲ್ಲಿ ಡಿಟೆಕ್ಟರು. ಆ ಮೂಗಿನ ದೂರಿಗೂ ಮೂರು ಸಲ "ಏನೂ ಆಗಲ್ಲ ಬಿಡಿ" ಅನ್ನೋ ಉತ್ತರ ಸಿಕ್ಕರೆ, ಅದೂ ಬೈಪಾಸೇ.

ಬಸವೇಶ್ವರನಗರದ ನನ್ನ ಗೆಳತಿ ಐಟಿಯಲ್ಲಿದ್ದಾಳೆ. ಅವಳ ಆನ್‌ಕಾಲ್ ವಾರದಲ್ಲಿ ರಾತ್ರಿ ಫೋನಿಗೆ ಬರುವ ಅಲರ್ಟುಗಳಲ್ಲಿ ಮುಕ್ಕಾಲು ಸುಳ್ಳಂತೆ. ಎಲ್ಲರೂ ಮ್ಯೂಟ್ ಮಾಡಿ ಮಲಗ್ತಾರಂತೆ. ಅಲರ್ಟ್ ಜಾಸ್ತಿ ಇದ್ದರೆ ಒಳ್ಳೇದು ಅಂತ ಅವಳ ಮ್ಯಾನೇಜರ್ ವಾದ. ನಾನು ಅವಳಿಗೆ ಫ್ಯಾನಿನ ಕಥೆ ಹೇಳಿದೆ. ಸುಳ್ಳು ಅಲಾರಮ್ಮನ್ನು ಸಹಿಸಿಕೊಳ್ಳಬೇಡಿ, ಮ್ಯೂಟೂ ಮಾಡಬೇಡಿ, ಅದರ ಪಕ್ಕ ಏಣಿ ಹತ್ತಿ ನಿಂತು ಅದು ಏನನ್ನು ನೋಡ್ತಿದೆ ಅಂತ ನೋಡಿ. ಎರಡು ದಿನದ ಕೆಲಸ, ಅಷ್ಟೇ.

ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಸೆಕ್ಯುರಿಟಿಯವರು ಕೂರುವ ಮೂಲೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಇರುತ್ತದೆ. ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿರಬಹುದು, ಬಜರಿಗೆ ಟೇಪ್ ಅಂಟಿಸಿರಬಹುದು. ಇವತ್ತು ಲಿಫ್ಟ್ ಹತ್ತುವ ಮುಂಚೆ ಒಂದು ನಿಮಿಷ ನಿಂತು ನೋಡಿ. ಹಳದಿ ದೀಪ ಉರೀತಿದ್ದರೆ ಸೆಕ್ಯುರಿಟಿ ಅಣ್ಣನನ್ನು ಬೈಯಬೇಡಿ. ಎಷ್ಟು ದಿನದಿಂದ ಹೀಗಿದೆ, ಯಾಕೆ ಹೀಗಾಯಿತು ಅಂತ ಕೇಳಿ. ಅವರಿಗೆ ಕಾರಣ ಗೊತ್ತಿರುತ್ತದೆ. ಇಷ್ಟು ದಿನ ಯಾರೂ ಕೇಳಿರುವುದಿಲ್ಲ, ಅಷ್ಟೇ.